ಹನ್ನೊಂದೂವರೆಯ ಸದ್ದು

ವಿಲ್ಮಾ ಕೊಟ್ಟ ಪಂಪು ಹಳೆಯದು.
ಎರಡು ಮಕ್ಕಳ ಹಾಲು ಕಂಡ ಮೋಟರು,
ಪ್ಲಗ್ಗಿಗೆ ಹಾಕಿದರೆ ಬಂದರಿನಲ್ಲಿ ಬೋಟು ಸ್ಟಾರ್ಟ್ ಆದ ಹಾಗೆ
ಗುಡುಗುಡು. ಮೇಜಿನ ಮೇಲಿನ ಗುಂಡುಪಿನ್ನುಗಳೂ ನಡೆಯುತ್ತವೆ.
ಟ್ಯೂಬು, ರಬ್ಬರು ಮಾತ್ರ ಹೊಸತು, ಹಂಪನಕಟ್ಟೆಯಲ್ಲಿ ಸಿಕ್ಕಿತು.

ಹೊಸ ಮಾಡೆಲು ಅಂಗೈಯಗಲ.
ರವಿಕೆಯೊಳಗೇ ಕೂರುತ್ತದಂತೆ, ಉಸಿರೂ ಕೇಳಿಸದಂತೆ,
ಎಷ್ಟು ಮಿಲಿ ಎಂದು ಮೊಬೈಲಿಗೆ ವರದಿ ಒಪ್ಪಿಸುತ್ತದಂತೆ.
ಹದಿನಾಲ್ಕು ಸಾವಿರ. ಕಂತಿನಲ್ಲೂ ಉಂಟು.
ತೆಗೊಳ್ಳುವ ಮಾರಾಯ್ತಿ, ಅಂದರು ಇವರು,
ದುಡ್ಡಿನದ್ದು ಮತ್ತೆ ನೋಡುವ.

ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸುತ್ತ ಯೋಚಿಸಿದೆ.
ಹನ್ನೊಂದೂವರೆ, ಎದೆ ಕಲ್ಲಾಗುವ ಹೊತ್ತು,
ಕೂಳೂರಿನಲ್ಲಿ ಅವಳು ಬಾಯಿ ಚಪ್ಪರಿಸುವ ಹೊತ್ತು.
ಮ್ಯಾನೇಜರರಿಗೆ ಹೇಗೋ ಸುದ್ದಿ ಮುಟ್ಟಿ
ನಗುತ್ತಲೇ ಅಂದರು: "ಒಳ್ಳೆಯದೇ ಆಯ್ತಲ್ಲ,
ಇನ್ನು ನೀವು ಎದ್ದು ಹೋಗಬೇಕೆಂದಿಲ್ಲ."

ಅಲ್ಲಿಗೆ ತೀರ್ಮಾನವಾಯಿತು.

ಹಳೇ ರಿಜಿಸ್ಟರುಗಳ ಕೋಣೆ. ಚಿಲಕ.
ಸದ್ದು ಶುರುವಾದರೆ ಅಟೆಂಡರ್ ಮೋನಪ್ಪಣ್ಣ
ಆ ಕಡೆ ಸುಳಿಯುವುದಿಲ್ಲ, ಬೇರೆಯವರನ್ನೂ ಬಿಡುವುದಿಲ್ಲ.
ಇಪ್ಪತ್ತು ನಿಮಿಷ.
ಬಾಟಲಿಯಲ್ಲಿ ಬೆಚ್ಚಗೆ ಏರುತ್ತದೆ ಬಿಳಿ ಗೆರೆ.
ಗುಡುಗುಡು ಅನ್ನು ಮುದುಕಿ,
ಇನ್ನೂ ಸ್ವಲ್ಪ ಜೋರಾಗಿ.