ಚಿಲ್ಲರೆ ಬಾಕಿ

ಸೊಸೈಟಿ ಬ್ಯಾಂಕಿನ ಹಳೇ ಕ್ಯಾಲೆಂಡರ್ ಕತ್ತರಿಸಿ
ಇನ್ನೂರ ಹನ್ನೆರಡು ಚೀಟಿ ಮಾಡಿದೆ.
ಒಂದು ಬದಿ ತಾರೀಖು, ಇನ್ನೊಂದು ಬದಿ ಪ್ರಶ್ನೆ,
ಅಪ್ಪ ಓದಲೆಂದು ಕನ್ನಡದಲ್ಲೇ ಬರೆದದ್ದು:
ಡೆಡ್‌ಲಾಕ್. ಹ್ಯಾಶಿಂಗ್. ಬೆಲ್‌ಮನ್-ಫೋರ್ಡ್.
ಎನ್‌ಪಿ ಎಂದರೇನು, ಏನಲ್ಲ.

ಮತ್ತಿಕೆರೆಯಲ್ಲಿ ದಿನ ಬಿಟ್ಟು ದಿನ ನಲ್ಲಿ ನೀರು,
ಬೆಳಗಿನ ಜಾವ ನಾಲ್ಕಕ್ಕೆ.
ಅಮ್ಮ ಡ್ರಮ್ಮಿಗೆ ಪೈಪು ಬಿಡುವ ಸದ್ದಿಗೆ ನಾನು ಏಳುವಾಗ
ಅಪ್ಪ ಆಗಲೇ ಎದ್ದು ಕೂತಿರುತ್ತಾನೆ,
ರಿಟೈರಾಗಿ ಆರು ವರ್ಷ, ಮೈಗಿನ್ನೂ ಫಸ್ಟ್ ಶಿಫ್ಟೇ.
ಹೆಬ್ಬೆರಳು ನಾಲಿಗೆಗೆ ತಾಗಿಸಿ ಚೀಟಿ ಎಳೆದು
ಸ್ಟಾಪಿನ ಹೆಸರಿನಂತೆ ಕೂಗುತ್ತಾನೆ:
ಬೆಲ್‌ಮನ್-ಫೋರ್ಡ್, ಬೆಲ್‌ಮನ್-ಫೋರ್ಡ್ ಯಾರ್ರೀ!
ನಾನು ಇಳಿಯಬೇಕು.

ಉತ್ತರ ಮುಗಿದರೆ ‘ರೈಟ್’ ಅನ್ನುತ್ತಾನೆ.
ಹೊರಡು ಅಂತ ಅದರರ್ಥ, ಡ್ರೈವರಿಗೆ ಹೇಳುವ ಹಾಗೆ.
ಸರಿಯೋ ತಪ್ಪೋ ನಾನೇ ಪುಸ್ತಕ ನೋಡಿಕೊಳ್ಳಬೇಕು.
ಆದರೆ ಬುರುಡೆ ಬಿಟ್ಟರೆ ಗೊತ್ತಾಗುತ್ತದೆ ಅವನಿಗೆ,
ಪಾಸ್ ಮನೇಲಿ ಬಿಟ್ಟು ಬಂದೆ ಅನ್ನುವವರ ಕತ್ತು
ಯಾವ ಕಡೆ ಹೊರಳುತ್ತದೆಂದು ಬಲ್ಲವನು.
‘ಹೋಲ್ಡಾನ್. ಇದು ಇನ್ನೊಂದ್ಸಲ.’

ಡೆಡ್‌ಲಾಕ್ ಮಾತ್ರ ಅವನೇ ಹೇಳಿಕೊಟ್ಟ.
ಗೊರಗುಂಟೆಪಾಳ್ಯ, ಸಿಗ್ನಲ್ ಕೆಟ್ಟ ಸಂಜೆ,
ನಾಲ್ಕು ದಿಕ್ಕಿನ ನಾಲ್ಕು ಬಸ್ಸು ಮೂತಿಗೆ ಮೂತಿ,
ಪ್ರತಿಯೊಬ್ಬನಿಗೂ ಬೇಕಾದ ಜಾಗ
ಇನ್ನೊಬ್ಬನ ಚಕ್ರದ ಕೆಳಗೆ.
‘ಯಾವನೋ ಒಬ್ಬ ಮಾನ ಬಿಟ್ಟು ರಿವರ್ಸ್ ತಗೋಬೇಕು.
ಹಿಂದಿನೋರು ಬೈತಾರೆ. ಬೈಸ್ಕೋಬೇಕು.’
ಪುಸ್ತಕದಲ್ಲಿ ಇದು ಹನ್ನೊಂದು ಪುಟ.
ಬೈಗುಳದ ಪ್ರಸ್ತಾಪವಿಲ್ಲ.

ಲ್ಯಾಬಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ.
ಎರಡನೇ ಸಲವೂ ಆಗದೆ ಪೂವಮ್ಮ ಹೋದಳು,
ಮಗ್ಗು ಬಿಟ್ಟು ಹೋದಳು. ಅದರಲ್ಲೀಗ ಮಾರ್ಕರುಗಳು.
ಅವಳ ಹೆಸರೆತ್ತುವುದು ನೀಲಿ ಮಾರ್ಕರ್ ಬೇಕಾದಾಗ ಮಾತ್ರ:
ಪೂವಮ್ಮನಲ್ಲಿ ನೋಡು.

ಪರೀಕ್ಷೆಯ ದಿನ ಒಂದು ಸಾಧಾರಣ ಗುರುವಾರ.
ಮೂರನೇ ಮಹಡಿ, ಕರಿಹಲಗೆ, ಮೂವರು.
ಸೀತಾಪತಿ ಸರ್ ಬಿಸ್ಕತ್ತಿನ ತಟ್ಟೆ ನನ್ನತ್ತ ತಳ್ಳಿದರು.
ಇದೂ ಪರೀಕ್ಷೆಯೇ ಇರಬಹುದೆಂದು ಒಂದು ತೆಗೆದುಕೊಂಡು
ಕೊನೆತನಕ ಎಡಗೈಯಲ್ಲೇ ಹಿಡಿದಿದ್ದೆ.

ಡೆಡ್‌ಲಾಕ್ ಕೇಳಿದರು. ನಾಲ್ಕು ಬಸ್ಸು ಬರೆದೆ. ನಕ್ಕರು.
ಆಮೇಲೆ ಕೊರೆಯಾ ಮೇಡಂ:
ಈ ಹೊಸ ಸಮಸ್ಯೆ ಹಳೆಯದರಷ್ಟೇ ಕಠಿಣವೆಂದು ತೋರಿಸು.
ಬಾಣ ಎಳೆದೆ, ಹೊಸದರಿಂದ ಹಳೆಯದಕ್ಕೆ,
ಇಪ್ಪತ್ತು ನಿಮಿಷ, ಹಲಗೆ ತುಂಬ, ಚಂದದ ಅಕ್ಷರ.
ಅವರು ಕನ್ನಡಕ ತೆಗೆದು ಮೆತ್ತಗೆ ಕೇಳಿದರು,
‘ಎಲ್ಲಿಂದ ಎಲ್ಲಿಗೆ?’

ಎಲ್ಲಿಂದ ಎಲ್ಲಿಗೆ.
ನಾನು ಹುಟ್ಟುವ ಮೊದಲಿಂದ
ನಮ್ಮ ಮನೆಗೆ ಅನ್ನ ಹಾಕಿದ ಪ್ರಶ್ನೆ.
ಗೊತ್ತಿಲ್ಲದ ಊರಿಂದ ಗೊತ್ತಿರುವ ಊರಿಗೆ
ಟಿಕೆಟ್ ಹರಿದಿದ್ದೆ,
ಬಸ್ಸು ಹೋಗಬೇಕಿದ್ದದ್ದು ಆ ಕಡೆಗೆ.
ಡಸ್ಟರ್ ಮೇಜಿನ ಮೇಲೇ ಇತ್ತು,
ಅಂಗೈಯಲ್ಲಿ ಬಾಣ ಒರೆಸಿದೆ.
ತಿರುಗಿಸಿ ಬರೆಯುವಷ್ಟರಲ್ಲಿ ಹೊತ್ತು ಮೀರಿತು.

ಕಾರಿಡಾರಿನಲ್ಲಿ ಹದಿನೆಂಟು ನಿಮಿಷ.
ಬಿಸ್ಕತ್ತು ತಿಂದೆ, ಸೀಮೆಸುಣ್ಣದ ರುಚಿ.
ಸಿಸ್ಟಮ್ಸ್ ಪಾಸು, ಆಲ್ಗರಿದಮ್ಸ್ ಪಾಸು,
ಥಿಯರಿ ಮೂರು ತಿಂಗಳಲ್ಲಿ ಮತ್ತೊಮ್ಮೆ.

‘ಅಂದ್ರೆ ಆಯ್ತಾ, ಆಗ್ಲಿಲ್ವಾ?’ ಅಮ್ಮ ಕೇಳಿದಳು.
ಎರಡೂ, ಅಂದೆ.
ಅಪ್ಪ ಕಾಗದ ಓದಿದ, ಇನ್ನೊಮ್ಮೆ ಓದಿದ,
ಕಿವಿಯ ಹಿಂದೆ ಇಲ್ಲದ ಪೆನ್ನಿಗೆ ತಡಕಾಡಿ
ನನ್ನದನ್ನು ಇಸಕೊಂಡು, ಕಾಗದ ತಿರುವಿ
ಹಿಂಬದಿಯಲ್ಲಿ ‘ಥಿಯರಿ 1’ ಎಂದು ಬರೆದು
ಸುತ್ತ ಒಂದು ಸೊನ್ನೆ ಎಳೆದ,
ಚಿಲ್ಲರೆ ಇಲ್ಲದ ದಿನ
ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದ ಹಾಗೆ.

‘ಇಳಿಯುವಾಗ ಕೇಳಿ ಇಸ್ಕೋ.’

ನಾಳೆ ನೀರು ಬರುವ ದಿನ.