ತಾರೀಕಲ್ಲದ ದಿನ

ಮೂವತ್ತೊಂದು ವರ್ಷ ಈ ಸುತ್ತನ್ನು
ಬಲಕ್ಕೇ ನಡೆದಿದ್ದೇನೆ, ಬಿಲ್ಲುಪುಸ್ತಕ ಕಂಕುಳಲ್ಲಿ:
ಕೆಮ್ಮಣ್ಣು ಪೇಟೆಯ ಮೋರಿಯಿಂದ ಸುರು,
ಬಯಲು, ತೂಗುಸೇತುವೆ, ಕುದ್ರು, ಕಡವು,
ದೋಣಿ ದಾಟಿ ಮತ್ತೆ ಅದೇ ಮೋರಿ.
ಮನೆಗಳಿಗೆ ನಂಬ್ರ ಬಿದ್ದದ್ದು ಹಾಗೆ,
ಹಾಗಾಗಿ ನನ್ನ ಕಾಲಿಗೂ.

ಈಗ ರಿಟೈರು. ಶುಗರ್ ಉಂಟು, ನಡೆಯಿರಿ ಎಂದರು
ಸಂತೆಕಟ್ಟೆಯ ಡಾಕ್ಟರು. ನಗು ಬಂತು.
ನಡೆಯಿರಿ ಎಂದು ನನಗೆ ಯಾರೂ ಹೇಳಿರಲಿಲ್ಲ.
ಓದಿರಿ ಎಂದಿದ್ದರು, ಅಷ್ಟೆ.

ಇವತ್ತು ಎಡಕ್ಕೆ ಹೊರಟೆ. ಸುಮ್ಮನೆ.
ಕಡವಿನಲ್ಲಿ ಹಸನಬ್ಬ ಹುಟ್ಟು ನಿಲ್ಲಿಸಿ
ನನ್ನ ಖಾಲಿ ಕಂಕುಳು ನೋಡಿದ.
"ಎಂತ ಮಾರಾಯ್ರೆ, ಇವತ್ತು ತಾರೀಕಲ್ಲವಲ್ಲ?
ಅದೂ ಈ ಬದಿಯಿಂದ!"
"ಹೀಗೇ" ಎಂದೆ.
ಹೀಗೇ ಎಂಬುದಕ್ಕೆ ಅವನಲ್ಲಿ ಚಿಲ್ಲರೆ ಇರಲಿಲ್ಲ,
ದುಡ್ಡು ತೆಗೆದುಕೊಳ್ಳಲಿಲ್ಲ.

ನೀರು ಇಳಿತ. ಸ್ವರ್ಣೆ ತಳದ ಕೆಸರು ತೋರಿಸಿ
ಕಾಂಡ್ಲಾದ ಬೇರುಗಳ ನಡುವೆ
ಬೆಳ್ಳಕ್ಕಿಗಳಿಗೆ ಕೆಲಸ ಕೊಟ್ಟಿದ್ದಳು.

ಕುದ್ರುವಿನಲ್ಲಿ ಹದಿನಾಲ್ಕು ಮನೆ. ಹದಿನಾಲ್ಕಕ್ಕೂ ಬೀಗ.
ಇಳಿತ ಅಂದರೆ ಎಲ್ಲರೂ ಹೊಳೆಯಲ್ಲಿ,
ಸೊಂಟದ ಮಟ್ಟ ನೀರಲ್ಲಿ, ಕಾಲ್ಬೆರಳಿಂದ
ಮರುವಾಯಿ ಹುಡುಕುತ್ತ.
ಮೊದಲ ವರ್ಷ ನಾನು ಪುಸ್ತಕದಲ್ಲಿ ಸಾಲಾಗಿ
ಬಾಗಿಲು ಬೀಗ, ಬಾಗಿಲು ಬೀಗ ಎಂದು ಬರೆದು
ಆಫೀಸಿನಲ್ಲಿ ಬೈಸಿಕೊಂಡೆ.
ಆಮೇಲೆ ರಟ್ಟಿನ ಒಳಬದಿಗೆ
ಭರತ ಇಳಿತದ ಹೊತ್ತು ಗುರುತು ಮಾಡಿಟ್ಟೆ.
ಚಂದ್ರನನ್ನು ಕೇಳಿ ಕರೆಂಟು ಓದಿದವ
ಮೆಸ್ಕಾಮಿನಲ್ಲಿ ನಾನೊಬ್ಬನೇ ಇರಬೇಕು.

ನೀರಿನಿಂದಲೇ ವಾರಿಜಕ್ಕ ಕೂಗಿದರು:
"ಬೀಗದ ಕೈ ತೆಂಗಿನ ಬುಡದಲ್ಲುಂಟು, ಓದಿಕೊಳ್ಳಿ!"
ಇನ್ನು ಓದಲಿಕ್ಕಿಲ್ಲ ಎಂದು ಹೇಳಲು
ಅಷ್ಟು ದೂರ ನನ್ನ ದನಿ ಹೋಗಲಿಲ್ಲ.
ಅವರೇ ದಡಕ್ಕೆ ಬಂದರು, ಸೆರಗು ಹಿಂಡಿ,
ನನ್ನ ಕರವಸ್ತ್ರದಲ್ಲಿ
ಎರಡು ಮುಷ್ಟಿ ಮರುವಾಯಿ ಕಟ್ಟಿಕೊಟ್ಟರು.
ಯಾಕೆ ಬಂದೆ ಎಂದು ಕೇಳಲಿಲ್ಲ.

ತೂಗುಸೇತುವೆಯನ್ನು ಈ ಕಡೆಯಿಂದ ಏರಿದ್ದು ಇದೇ ಮೊದಲು.
ನಡುವೆ ನಿಂತೆ. ಸೈಕಲ್ ತಳ್ಳಿಕೊಂಡು ಬಂದ ಹುಡುಗ
ದಾಟಿ ಹೋದ ಮೇಲೂ
ಹಲಗೆಗಳು ಅವನ ನಡಿಗೆಯಲ್ಲೇ ತೂಗುತ್ತಿದ್ದವು.

ಬಯಲಲ್ಲಿ ಉದ್ದು, ಈಗಷ್ಟೇ ಎರಡೆಲೆ.
ಕಟ್ಟಪುಣಿಯಲ್ಲಿ ಸಂಕಪ್ಪ ಪೂಜಾರಿ
ಹಳೆಯ ಮೀಟರಿನ ವಿಷಯ ತೆಗೆದರು.
ಅದರೊಳಗೆ ಒಂದು ಬಿಲ್ಲೆ ತಿರುಗುತ್ತಿತ್ತಲ್ಲ,
ಅಂಚಿಗೊಂದು ಕೆಂಪು ಗುರುತು,
ಗಾಜಿಗೆ ಮೂಗು ಒತ್ತಿ ಮಕ್ಕಳು ಕಾಯುತ್ತಿದ್ದರು:
ಹೋಯಿತು, ಬಂತು. ಹೋಯಿತು, ಬಂತು.
ಹೊರಟಲ್ಲಿಗೇ ಬರುತ್ತಿತ್ತು ಕೆಂಪು.
ಆದರೂ ಮೇಲೆ ಒಂದು ಅಂಕೆ
ಕೂದಲೆಳೆಯಷ್ಟು ಕದಲಿರುತ್ತಿತ್ತು.
ಈಗಿನದಕ್ಕೆ ಬಿಲ್ಲೆಯಿಲ್ಲ. ಸಣ್ಣ ದೀಪ, ಕಣ್ಣು ಹೊಡೆಯುತ್ತದೆ.

"ನೀವು ಇವತ್ತು ಉಲ್ಟಾ ಸುತ್ತಿದ್ದೀರಿ,
ಯೂನಿಟ್ಟು ಕಮ್ಮಿ ಆಗ್ತದಾ?" ಎಂದರು ಸಂಕಪ್ಪ.
"ಬೆಳಿಗ್ಗೆಯಿಂದ ನಾನೂ ಅದನ್ನೇ ನೋಡ್ತಾ ಇದ್ದೇನೆ."
ಇಬ್ಬರೂ ನಕ್ಕೆವು. ಅವರಿಗೆ ಕೆಮ್ಮು ಬಂತು,
ಬೆನ್ನು ತಟ್ಟಿದೆ. ಆ ಬೆನ್ನು ಮುಟ್ಟಿದ್ದು
ಇಷ್ಟು ವರ್ಷದಲ್ಲಿ ಅದೇ ಮೊದಲು.

ಸೆವ್ರಿನ್ ಬಾಯಿಯ ನಾಯಿ, ಪ್ರತಿ ತಿಂಗಳು
ಆರನೇ ತಾರೀಕಿಗೆ ನನ್ನನ್ನು ತಿನ್ನಲು ಬರುವುದು,
ಖಾಕಿ ಚೀಲವಿಲ್ಲದ ನನ್ನನ್ನು ಮೂಸಿ
ಯಾರೋ ಎಂದುಕೊಂಡು
ಇಗರ್ಜಿಯ ಗೋಡೆ ಮುಗಿಯುವ ತನಕ ಜೊತೆಗೆ ಬಂತು.

ಮೋರಿಯ ಕಟ್ಟೆಯಲ್ಲಿ ಕೂತೆ.
ಕೆಳಗೆ ತೋಡಿನ ನೀರು ಹಿಮ್ಮುಖ. ಭರತ ಸುರುವಾಗಿ
ಹೊಳೆ ಊರ ಒಳಗೆ ನಡೆದು ಬರುತ್ತಿತ್ತು,
ಅದೂ ಉಲ್ಟಾ. ಅದನ್ನು ಯಾರೂ ಕೇಳುವುದಿಲ್ಲ.
ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನು ಉಂಟು.
ತೊಡೆಯ ಮೇಲಿನ ಒದ್ದೆ ಗಂಟು ಬಿಚ್ಚಿದೆ.
ಒಂದು ಮರುವಾಯಿ
ನಿಧಾನ ಬಾಗಿಲು ತೆರೆಯಿತು,
ನಾನೆಂದು ಗೊತ್ತಾಗಿ
ಟಿಕ್ ಎಂದು ಬೀಗ ಹಾಕಿಕೊಂಡಿತು.