ಹೆಸರಿಗೊಂದು ಪ್ರಾಣಿ

ಆಗಸ್ಟಿನ ಇರುಳು. ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ
ಚಳಿ ಕಲ್ಲನ್ನೂ ಕಚ್ಚುತ್ತದೆ.
ಮುಂದಿನ ಸೀಟಿನಲ್ಲಿ ರೋಮಾ ಅತ್ತೆ,
ತೊಡೆಯ ಮೇಲೆ ಥರ್ಮಾಸು,
ತಲೆಗೆ ಮೊಮ್ಮಗನ ಫುಟ್‌ಬಾಲ್ ಟೋಪಿ.
ಹಿಂದೆ, ಟ್ರಕ್ಕಿನ ತೆರೆದ ಬೆನ್ನಲ್ಲಿ, ಲಾಕ್ಲನ್
ಮೀನಮುಳ್ಳಿನಂಥ ಆಂಟೆನಾ ಎತ್ತಿ
ಆಕಾಶ ಬಾಚುತ್ತಿದ್ದಾನೆ.

ಗಾಡಿ ಓಡಿಸುವವಳು ನಾನು.
ದೀಪಕ್ಕೆ ಮೊದಲು ಸಿಕ್ಕಿದ್ದು ಮೊಲ. ಅತ್ತೆ ಲೆಕ್ಕಕ್ಕೆ ಹಿಡಿಯಲಿಲ್ಲ.
ಆಮೇಲೆ ಮೇಕೆಯ ಹಿಂಡು, ಒಡೆಯನಿಲ್ಲದ್ದು; ಅದನ್ನೂ.
ಬೇಲಿಯ ಪಕ್ಕ ಒಂದು ಕೆಂಪು ಕಾಂಗರೂ ಎದ್ದು ನಿಂತು
ಯಾರ ಪೈಕಿ ಎಂದು ವಿಚಾರಿಸುವಂತೆ ನೋಡಿತು.
"ಉಡಿ ತುಂಬಿದೆ," ಅಂದಳು ಅತ್ತೆ, "ನಿಧಾನ."
ಉಡಿಯಿಂದ ಒಂದು ಕಾಲು ಹೊರಗೆ ಚಾಚಿತ್ತು,
ಮಡಚಲು ಮರೆತ ಕೊಡೆಯ ಹಾಗೆ.

ಕಣಿವೆಯ ಜಾರುಗಲ್ಲಿನ ಮೇಲೆ ಆಂಡು.
ಹಳದಿ ಕಾಲು, ಬಳೆ ತೊಟ್ಟ ಬಾಲ.
ಬಂಡೆಯೇ ಹಾರಿತೋ ಎಂದು ಒಮ್ಮೆ ಅನ್ನಿಸಿ
ಮತ್ತೆ ಬಂಡೆ ಬಂಡೆಯಾಯಿತು.
ಅದು ಪೂರ್ತಿ ಹೋದದ್ದೇ ಅಲ್ಲ.
ಬಾಯಿಗೆ ಬಂದಾಗಲೆಲ್ಲ ಕಣ್ಣಿಗೂ ಬರುತ್ತಿತ್ತು.

ವಿರ್ಲ್ಡ ಹಾಗಲ್ಲ.

ಅತ್ತೆಗೆ ಆಗ ಆರು ವರ್ಷ. ಒಣಹೊಳೆಯ ದಡದಲ್ಲಿ ಅವಳಮ್ಮ
ಮುದಿ ಗಮ್ ಮರದ ಪೊಟರೆ ತೋರಿಸಿ ಹೇಳಿದ್ದಳಂತೆ:
"ವಿರ್ಲ್ಡನ ಮನೆ."
ಕೈ ಹಾಕಿದರೆ ಒಂದು ಹಿಡಿ ತರಗು, ಜೇಡರ ಬಲೆ.
"ಎಲ್ಲಿದೆ?"
"ಮನೆ ಅಂದೆ. ಇದೆ ಅಂದೆನೇ?"
ಇಡ್ನ್ಯ ಅಂತ ಇನ್ನೊಂದು. ಮೈತುಂಬ ಬಿಳಿ ಚುಕ್ಕಿ,
ಚೂಪು ಮೂತಿ, ಕತ್ತಲ ಕಳ್ಳ.
ಅಮ್ಮನೂ ಕಂಡವಳಲ್ಲ. ಅವಳಮ್ಮ ಕಂಡಿದ್ದಳು.
ಕಲಿಸಿದ್ದು ಮಾತ್ರ ನಿನ್ನೆ ಕಂಡವಳ ಹಾಗೆ:
ನಾಲಗೆ ಎಲ್ಲಿ ಮಡಿಸಬೇಕು, ಎಲ್ಲಿ ಬಿಡಬೇಕು,
ತಪ್ಪಿದರೆ, ಮತ್ತೊಮ್ಮೆ.

ಅರವತ್ತು ವರ್ಷ ಆ ಎರಡು ಮಾತು
ಅವಳ ಬಾಯಲ್ಲಿ ಹೆಸರಿಗೆ ಮಾತ್ರ ಇದ್ದವು.
ಬೀಗ ಕಳೆದ ಮೇಲೂ ಸೊಂಟದಿಂದ ಬಿಚ್ಚದ ಕೀಲಿಕೈ.
ಕಲ್ಲಿದ್ದಲ ರೈಲು ಬಂತು, ನಿಂತೂ ಹೋಯಿತು.
ಬೆಕ್ಕು ಬಂತು, ನರಿ ಬಂತು, ನಿಂತೇಬಿಟ್ಟವು.

ಆಮೇಲೆ ಒಂದು ವರ್ಷ ಪೆಟ್ಟಿಗೆಗಳಲ್ಲಿ ಇಡ್ನ್ಯ ತಂದರು;
ಮರುವರ್ಷ ವಿರ್ಲ್ಡ.
ಬಾಗಿಲೆತ್ತಲು ಅತ್ತೆಯನ್ನು ಕರೆಸಿದರು.
ಮೂಲೆಗಂಟಿ ಹೊರಬರಲೊಲ್ಲದ್ದನ್ನು ಅವಳು ಗದರಲಿಲ್ಲ,
ನೆಂಟರ ಮನೆಯಲ್ಲಿ ನಿದ್ದೆಹೋದ ಮಗುವನ್ನು ಎಬ್ಬಿಸುವಂತೆ
ಮೆಲ್ಲಗೆ ಹೆಸರು ಹೇಳಿದಳು.
ಅದು ಅವಳ ಬೂಟು ಮೂಸಿ ಹೊರಟುಹೋಯಿತು.

ಲಾಕ್ಲನ್ ತಗಡು ತಟ್ಟಿದ. ನಿಲ್ಲಿಸಿದೆ.
ಕೊರಳಪಟ್ಟಿಯ ಸದ್ದು ನಿಧಾನವಿದ್ದರೆ ಜೀವ ಇದೆ.
ಬೇಗ ಬೇಗ ಬಡಿಯುತ್ತಿತ್ತು.
ಮೂವತ್ತನಾಲ್ಕನೆಯ ನಂಬರಿನ ವಿರ್ಲ್ಡ, ಮುದಿ ಗಂಡು.

ಬಂಡೆಯ ಸಂದಿನಲ್ಲಿ ಸಿಕ್ಕಿದ್ದು ಪಟ್ಟಿ,
ಬಾಲದ ತುದಿ, ಒಂದಿಷ್ಟು ಬೂದುಗೂದಲು.
ಲಾಕ್ಲನ್ ಬೆಕ್ಕಿನ ಕುಲವನ್ನೇ ಬಯ್ದ.
ಅತ್ತೆ ಕೈದೀಪ ಮೇಲೆತ್ತಿದಳು.
ಅಂಚಿನಲ್ಲಿ ಎರಡು ಕಣ್ಣು, ಅದರ ಹಿಂದೆ ಚುಕ್ಕಿ, ಚುಕ್ಕಿ, ಚುಕ್ಕಿ.
ಉಡಿ ಜೋತ ಹೆಣ್ಣು ಇಡ್ನ್ಯ
ಮೂತಿ ನೆಕ್ಕಿಕೊಳ್ಳುತ್ತ, ಹುಶ್ ಎಂದರೂ ಕದಲದೆ.

ತುಂಬ ಹೊತ್ತು ಯಾರೂ ಮಾತಾಡಲಿಲ್ಲ.
"ಗುರುತು ಹಿಡಿದಿದೆ," ಅಂದಳು ಅತ್ತೆ ಕೊನೆಗೆ.
"ನಮ್ಮನ್ನೇ?"
"ನಮ್ಮನ್ನಲ್ಲ, ಪೆದ್ದಿ. ಅವನನ್ನು."

ಲಾಕ್ಲನ್ ಪುಸ್ತಕದಲ್ಲಿ 'ನಷ್ಟ' ಎಂದು ಬರೆದ.
ಅತ್ತೆ ಬಗ್ಗಿ ಓದಿ, ಅದರ ಮುಂದೆ ಜಾಗ ಬಿಡು ಅಂದಳು.
ಏನು ಬರೆಯಲು ಎಂದು ಹೇಳಲಿಲ್ಲ.

ವಾಪಸು ಬರುವಾಗ ಪಟ್ಟಿ ಅವಳ ಕೋಟಿನ ಜೇಬಿನಲ್ಲಿತ್ತು.
ಅಯಸ್ಕಾಂತ ತಾಗಿಸಿ ಆರಿಸುತ್ತೇನೆ ಎಂದ ಲಾಕ್ಲನ್. ಕೊಡಲಿಲ್ಲ.
ನನ್ನ ಕಾಲ ಬಳಿಯ ರಿಸೀವರು
ಊರ ದೀಪ ಕಾಣುವ ತನಕ ಬಡಿಯುತ್ತಲೇ ಇತ್ತು.
ಮುಚ್ಚಳಕ್ಕೆ ಟೀ ಬಗ್ಗಿಸಿ ನನ್ನ ಕೈಗಿತ್ತು
"ಈಗ ಹೇಳು," ಅಂದಳು.
ಹೇಳಿದೆ. ನಾಲಗೆ ತಪ್ಪಿತು.
"ಮತ್ತೊಮ್ಮೆ."